ಎಚ್‌ಐವಿ ಹತೋಟಿಯಲ್ಲಿದೆ, ಮತ್ತೆ ಈ ಏದುಸಿರು ಏಕೆ?

ಪ್ರಶ್ನೆ: ನನಗೆ 46 ವರ್ಷ. ಎಚ್‌ಐವಿ ಇರುವುದು ಗೊತ್ತಾಗಿ 11 ವರ್ಷವಾಯಿತು. ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ತಪ್ಪಿಸಿಲ್ಲ, ವೈರಲ್ ಲೋಡ್ ಪತ್ತೆಯಾಗದಷ್ಟು ಕಡಿಮೆ ಇದೆ. 20 ವರ್ಷದಿಂದ ದಿನಕ್ಕೆ ಹತ್ತು ಸಿಗರೇಟು ಸೇದುತ್ತೇನೆ. ಈಗೀಗ ಎರಡನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು, ಬೆಳಗ್ಗೆ ಕಫದ ಕೆಮ್ಮು. ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ. ಇದು ಎಚ್‌ಐವಿಯಿಂದಲೋ, ಸಿಗರೇಟಿನಿಂದಲೋ?

ಉತ್ತರ: ಎರಡರ ಕೈವಾಡವೂ ಇರಬಹುದು. ಕೈಬಿಡಲು ಸಾಧ್ಯವಿರುವುದು ಮಾತ್ರ ಸಿಗರೇಟು.

ರಕ್ತದಲ್ಲಿ ವೈರಸ್ ಸಿಗುತ್ತಿಲ್ಲ ಎಂದರೆ ದೇಹದಲ್ಲೇ ಇಲ್ಲ ಎಂದಲ್ಲ. ಶ್ವಾಸಕೋಶದ ಗಾಳಿಚೀಲಗಳನ್ನು ಗುಡಿಸಿ ಚೊಕ್ಕಟವಾಗಿಡುವ ಮ್ಯಾಕ್ರೊಫೇಜ್ ಎಂಬ ಕೋಶಗಳಲ್ಲಿ ಅದು ಅವಿತು ಕೂರಬಲ್ಲದು. ಅಲ್ಲಿ ಸಣ್ಣಗೆ ಉರಿಯೂತ ನಡೆದೇ ಇರುತ್ತದೆ. ಅದರ ಮೇಲೆ ಹೊಗೆ ಬಿದ್ದರೆ ಇದೇ ಕೋಶಗಳು ರೊಚ್ಚಿಗೆದ್ದು, ಗಾಳಿಚೀಲದ ಗೋಡೆಯನ್ನು ಕರಗಿಸುವ ಕಿಣ್ವಗಳನ್ನು ಸುರಿಸುತ್ತವೆ. ಗೋಡೆಗಳು ಹರಿದು ಹಲವು ಪುಟ್ಟ ಚೀಲಗಳು ಒಂದೇ ಜೋಲು ಚೀಲವಾದರೆ ಅದೇ ಎಂಫಿಸೀಮಾ. ಹಿಂದೆ ನ್ಯುಮೋನಿಯಾ, ಕ್ಷಯ ಬಂದುಹೋಗಿದ್ದರೆ ಅದರ ಕಲೆಯೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಎಚ್‌ಐವಿ ಇದ್ದು ಸೇದುವವರಲ್ಲಿ ಸಿಒಪಿಡಿ, ಅಂದರೆ ಎಂಫಿಸೀಮಾವೂ ಸೇರಿದಂತೆ ಶ್ವಾಸಕೋಶದಿಂದ ಗಾಳಿ ಸರಾಗವಾಗಿ ಹೊರಹೋಗದ ದೀರ್ಘಕಾಲದ ಕಾಯಿಲೆ, ಬೇಗ ಕಾಣಿಸಿಕೊಳ್ಳುತ್ತದೆ. ಸೇದದ ಸೋಂಕಿತರೂ ಪೂರ್ತಿ ಪಾರಲ್ಲ.

2013ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದನ್ನು ರೋಗಿಗಳಿಗೆ ಹೇಳುತ್ತಿರುತ್ತೇನೆ: ಚಿಕಿತ್ಸೆಯಲ್ಲಿರುವ ಸೋಂಕಿತರು ಎಚ್‌ಐವಿಯಿಂದ ಕಳೆದುಕೊಳ್ಳುವ ಆಯುಸ್ಸು ಸುಮಾರು 5 ವರ್ಷ, ಸೇದುವುದರಿಂದ ಸುಮಾರು 12. ಗಡಿಯಾರ ನೋಡಿ ಮಾತ್ರೆ ನುಂಗುವವರೇ ಅದರ ಬೆನ್ನಿಗೆ ಸಿಗರೇಟು ಹಚ್ಚಿದಾಗ ನಿಜಕ್ಕೂ ಸಂಕಟವಾಗುತ್ತದೆ.

ಎಕ್ಸ್‌ರೇ ಸರಿಯಿದೆ ಎಂದು ಸುಮ್ಮನಾಗಬೇಡಿ, ಆರಂಭದ ಸಿಒಪಿಡಿ ಅದರಲ್ಲಿ ಕಾಣುವುದಿಲ್ಲ. ಕಫ ಪರೀಕ್ಷೆಯಿಂದ ಕ್ಷಯ ಅಲ್ಲವೆಂದು ಖಚಿತಪಡಿಸಿಕೊಂಡು ಸ್ಪೈರೋಮೆಟ್ರಿ ಮಾಡಿಸಿ. ಎದೆ ತುಂಬ ಉಸಿರೆಳೆದು ಕೊಳವೆಯೊಳಗೆ ರಭಸದಿಂದ, ಪೂರ್ತಿ ಖಾಲಿಯಾಗುವವರೆಗೆ ಊದಬೇಕು. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ, ಊದಿದ ಗಾಳಿಯಲ್ಲಿ ಶೇ 70ಕ್ಕಿಂತ ಕಡಿಮೆ ಮೊದಲ ಸೆಕೆಂಡಿನಲ್ಲಿ ಹೊರಬಂದರೆ ಸಿಒಪಿಡಿ ಎನ್ನುತ್ತೇವೆ. ಎಚ್‌ಐವಿ ಇದ್ದವರಲ್ಲಿ ಇದು ಸರಿಯಿದ್ದರೂ ಆಮ್ಲಜನಕ ರಕ್ತಕ್ಕೆ ದಾಟುವ ಶಕ್ತಿ ಕುಂದಿರುವುದುಂಟು. ಅದನ್ನು ಅಳೆಯುವ ಡಿಎಲ್‌ಸಿಒ ಪರೀಕ್ಷೆಯನ್ನೂ ಕೇಳಿ.

ಬಿಡುವುದಕ್ಕೆ ಮನೋಬಲವೊಂದನ್ನೇ ನಂಬಿ ಕೂರಬೇಡಿ. ನಿಕೋಟಿನ್ ಪಟ್ಟಿ ಇದೆ, ವರೆನಿಕ್ಲಿನ್ ಮಾತ್ರೆ ಇದೆ. ಇವು ಎಆರ್‌ಟಿ ಜೊತೆ ಸಾಮಾನ್ಯವಾಗಿ ಕಿತ್ತಾಡುವುದಿಲ್ಲ. ಫ್ಲೂ ಮತ್ತು ನ್ಯುಮೋಕಾಕಸ್ ಲಸಿಕೆ ಹಾಕಿಸಿಕೊಳ್ಳಿ.

ಇನ್‌ಹೇಲರ್ ವಿಷಯದಲ್ಲಿ ಮಾತ್ರ ಎಚ್ಚರ. ನಿಮ್ಮ ಎಆರ್‌ಟಿಯಲ್ಲಿ ರಿಟೊನಾವಿರ್ ಅಥವಾ ಕೋಬಿಸಿಸ್ಟಾಟ್ ಇದ್ದರೆ, ಫ್ಲುಟಿಕಾಸೋನ್, ಬುಡೆಸೊನೈಡ್‌ನಂಥ ಸ್ಟೀರಾಯ್ಡ್‌ಗಳು ದೇಹದಲ್ಲಿ ಕರಗದೆ ಶೇಖರವಾಗುತ್ತವೆ. ಮುಖ ಊದುವುದು, ಸಕ್ಕರೆ ಏರುವುದು, ಅಡ್ರಿನಲ್ ಗ್ರಂಥಿ ಸೊರಗುವುದು, ಎಲ್ಲ ಒಂದು ಇನ್‌ಹೇಲರಿನಿಂದ ಆದದ್ದುಂಟು. ಶ್ವಾಸನಾಳ ಹಿಗ್ಗಿಸುವ ಸಾಲ್ಮೆಟೆರಾಲ್ ಕೂಡ ಬೇಡ. ಸ್ಟೀರಾಯ್ಡ್ ಬೇಕೇಬೇಕೆಂದಾದರೆ ಬೆಕ್ಲೊಮೆಥಾಸೋನ್ ಹೆಚ್ಚು ಸುರಕ್ಷಿತ. ಎಚ್‌ಐವಿ ಇದೆ ಎಂದು ಶ್ವಾಸಕೋಶ ತಜ್ಞರಿಗೆ ಹೇಳಲು ಹಿಂಜರಿಯುವವರು ಬಹಳ. ನೀವು ಹೋಗುವಾಗ ಮಾತ್ರೆಯ ಡಬ್ಬಿಯನ್ನೇ ಒಯ್ದು ಮೇಜಿನ ಮೇಲಿಡಿ.