ಮೊಸರನ್ನವೊಂದೇ ಸಾಕೆನ್ನುವ ಮಗು

ಪ್ರಶ್ನೆ: ನಮ್ಮ ಮಗನಿಗೆ ಮೂರೂವರೆ ವರ್ಷ, ತೂಕ 13.5 ಕೆ.ಜಿ. ಒಗ್ಗರಣೆಯ ಒಂದು ಸಾಸಿವೆ ಕಂಡರೂ ತಟ್ಟೆ ದೂಡುವ ಅವನಿಗೆ ಮೂರು ಹೊತ್ತೂ ಬಿಳಿ ಮೊಸರನ್ನವೇ ಆಗಬೇಕು. ನಡುವೆ ಹಲಸಿನ ಹಪ್ಪಳ ಮತ್ತು ಬಿಸ್ಕತ್ತು. ಹೊಟ್ಟೆ ಖಾಲಿ ಇರಬಾರದೆಂದು ದಿನಕ್ಕೆ ನಾಲ್ಕು ದೊಡ್ಡ ಲೋಟ ಹಾಲು ಕೊಡುತ್ತೇನೆ. ನಮ್ಮ ಅತ್ತೆಯವರು ಬಟ್ಟಲು ಹಿಡಿದು ಅಂಗಳದ ತುಂಬ ಅವನ ಹಿಂದೆ ಓಡಾಡಿ ಉಣ್ಣಿಸುತ್ತಿದ್ದರು. ಮಳೆ ಹಿಡಿದ ಮೇಲೆ ಅಂಗಳದ ಜಾಗಕ್ಕೆ ಮೊಬೈಲು ಬಂದಿದೆ. ಹಸಿವು ಹೆಚ್ಚಿಸುವ ಟಾನಿಕ್ ಯಾವುದನ್ನಾದರೂ ಕೊಡಬಹುದೇ?
– ಒಬ್ಬ ತಾಯಿ, ಹೊಸನಗರ ತಾಲ್ಲೂಕು

ಉತ್ತರ: ಟಾನಿಕ್ ಬೇಡ. ಹಸಿವಿಗೆಂದು ಅಂಗಡಿಯಲ್ಲಿ ಸಿಗುವ ಕೆಲವು ಸಿರಪ್‌ಗಳಲ್ಲಿರುವುದು ಸೈಪ್ರೊಹೆಪ್ಟಡೀನ್ ಎಂಬ ಅಲರ್ಜಿಯ ಔಷಧಿ. ಅದು ಮಗುವಿಗೆ ಮಂಪರು ತರಿಸುತ್ತದೆ, ವೈದ್ಯರು ಬರೆದುಕೊಡದೆ ಅದನ್ನು ಮುಟ್ಟಬಾರದು. ನಿಮ್ಮ ಮಗನ ತೂಕವು ಅವನ ವಯಸ್ಸಿನ ಸರಾಸರಿಯಾದ ಸುಮಾರು 15 ಕೆ.ಜಿ.ಗಿಂತ ಕಡಿಮೆಯಿದ್ದರೂ ಸಹಜ ಮಿತಿಯೊಳಗೇ ಇದೆ. ಹುಟ್ಟುವಾಗ 3 ಕೆ.ಜಿ. ಇದ್ದ ಕೂಸು ವರ್ಷ ತುಂಬುವ ಹೊತ್ತಿಗೆ 9 ಕೆ.ಜಿ. ಆಗುತ್ತದೆ, ಆದರೆ ಎರಡು ವರ್ಷ ಕಳೆದ ಮೇಲೆ ವರ್ಷಕ್ಕೆ ಹೆಚ್ಚುವುದು ಸುಮಾರು 2 ಕೆ.ಜಿ. ಮಾತ್ರ. ಬೆಳವಣಿಗೆಯ ವೇಗ ಇಳಿದಂತೆ ಹಸಿವೂ ಇಳಿಯುವುದನ್ನು ನಾವು ಹಟವೆಂದು ತಿಳಿದು ಗಾಬರಿಯಾಗುತ್ತೇವೆ.

ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಮೊಸರನ್ನವಲ್ಲ, ಹಾಲು. ನಾಲ್ಕು ಲೋಟವೆಂದರೆ ಕಡಿಮೆಯೆಂದರೂ 600 ಮಿ.ಲೀ.; ಅದಕ್ಕೆ ಸಕ್ಕರೆಯೂ ಬಿಸ್ಕತ್ತೂ ಸೇರಿದರೆ ಅವನಿಗೆ ದಿನಕ್ಕೆ ಬೇಕಾದ ಶಕ್ತಿಯ ಅರ್ಧದಷ್ಟು ಊಟದ ತಟ್ಟೆ ಬರುವ ಮೊದಲೇ ಹೊಟ್ಟೆ ಸೇರಿರುತ್ತದೆ. ಹಾಲಿನಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ, ಮೇಲಾಗಿ ಅದರ ಕ್ಯಾಲ್ಸಿಯಂ ಬೇರೆ ಆಹಾರದಲ್ಲಿರುವ ಕಬ್ಬಿಣವು ಮೈಗೆ ಹತ್ತದಂತೆ ತಡೆಯುತ್ತದೆ. ಹೀಗೆ ಹಾಲು ಹೆಚ್ಚಾದ ಮಕ್ಕಳಲ್ಲಿ ರಕ್ತಹೀನತೆಯೂ ಮಲಬದ್ಧತೆಯೂ ಕಾಣಿಸಿಕೊಂಡು, ಅವೆರಡೂ ಮತ್ತೆ ಹಸಿವನ್ನೇ ಕುಗ್ಗಿಸುತ್ತವೆ. ಆದ್ದರಿಂದ ಹಾಲನ್ನು ವಾರದೊಳಗೆ ಎರಡು ಸಣ್ಣ ಲೋಟಕ್ಕೆ ಇಳಿಸಿ, ಅದನ್ನೂ ಊಟವಾದ ಒಂದೆರಡು ಗಂಟೆಯ ನಂತರ ಕೊಡಿ. ಮಕ್ಕಳಿಗೆ ಕಾಫಿ, ಚಹಾದ ರುಚಿ ಹಚ್ಚುವ ರೂಢಿ ನಮ್ಮ ಕಡೆ ಇನ್ನೂ ಇದೆ. ಅದನ್ನಂತೂ ಪೂರ್ತಿ ನಿಲ್ಲಿಸಬೇಕು.

ಹೊಸ ತಿನಿಸನ್ನು ಕಂಡು ಹಿಂಜರಿಯುವುದು ಎರಡರಿಂದ ಆರು ವರ್ಷದ ಮಕ್ಕಳ ಸಹಜ ಗುಣ. ಒಂದೇ ಪದಾರ್ಥವನ್ನು ಹತ್ತು ಹದಿನೈದು ಸಲ, ಒತ್ತಾಯವಿಲ್ಲದೆ, ಚಮಚದಷ್ಟೇ ತಟ್ಟೆಯ ಬದಿಗೆ ಬಡಿಸಿದ ಮೇಲೆ ಎಷ್ಟೋ ಮಕ್ಕಳು ಅದನ್ನು ಬಾಯಿಗಿಡುತ್ತಾರೆ. ನಾವು ಮೂರನೆಯ ಸಲಕ್ಕೇ ಕೈಚೆಲ್ಲಿಬಿಡುತ್ತೇವೆ. ಅವನಿಗೆ ಪರಿಚಯವಿರುವ ರುಚಿಯಿಂದಲೇ ಮುಂದಿನದಕ್ಕೆ ದಾಟಿಸುವುದು ಇನ್ನೂ ಸುಲಭ, ಮತ್ತು ಈ ವಿಷಯದಲ್ಲಿ ಮಲೆನಾಡಿನ ಅಡುಗೆಮನೆಗೆ ಸಾಟಿಯಿಲ್ಲ. ಮೊಸರನ್ನ ಇಷ್ಟಪಡುವವನಿಗೆ ಮೊದಲ ವಾರ ಅದರಲ್ಲೇ ಒಂದಿಷ್ಟು ಸೌತೆಕಾಯಿ ತುರಿ ಬೆರೆಸಿ. ಅದು ಒಗ್ಗಿದ ಮೇಲೆ ಮೆಣಸು ಹಾಕದ ಒಂದೆಲಗದ ಅಥವಾ ದೊಡ್ಡಪತ್ರೆಯ ತಂಬುಳಿಯನ್ನು ಅನ್ನದ ಪಕ್ಕದಲ್ಲಿಡಿ: ಬಣ್ಣ ಹೊಸದು, ನಾಲಿಗೆಗೆ ತಗಲುವ ಹುಳಿ ಮಾತ್ರ ಹಳೆಯದೇ. ಅಲ್ಲಿಂದ ಮಜ್ಜಿಗೆಹುಳಿಯ ಮೆತ್ತಗೆ ಬೆಂದ ಹೋಳು ಬಹಳ ದೂರವಿಲ್ಲ. ಬೇಳೆಕಟ್ಟು, ಹರಿವೆ ಸೊಪ್ಪಿನ ಪಲ್ಯಗಳಿಗೆ ನಿಂಬೆರಸ ಹಿಂಡಿದರೆ ಅವುಗಳ ಕಬ್ಬಿಣ ಚೆನ್ನಾಗಿ ಮೈಗೂಡುತ್ತದೆ. ಮನೆಯಲ್ಲಿ ಮೊಟ್ಟೆ ತಿನ್ನುವವರಾದರೆ ಅದನ್ನೂ ಕೊಡಿ. ಸದ್ಯಕ್ಕೆ ಅವನ ಅನ್ನಕ್ಕೆ ಸಾಸಿವೆ ಬೀಳದಿದ್ದರೆ ನಷ್ಟವೇನಿಲ್ಲ.

ಇನ್ನು ಅತ್ತೆಯವರ ವಿಷಯ. ಬಟ್ಟಲು ಹಿಡಿದು ಓಡಾಡುವುದರ ಹಿಂದಿರುವ ಅಕ್ಕರೆಯನ್ನು ಅಲ್ಲಗಳೆಯಲಾರೆ, ಆದರೆ ಓಡುತ್ತಲೋ ಮೊಬೈಲು ನೋಡುತ್ತಲೋ ಉಣ್ಣುವ ಮಗುವಿಗೆ ಹೊಟ್ಟೆ ತುಂಬಿದ್ದೇ ತಿಳಿಯುವುದಿಲ್ಲ, ತುತ್ತು ಗಂಟಲಿಗೆ ಸಿಕ್ಕಿಕೊಳ್ಳುವ ಭಯವೂ ಇದೆ. ಏನು ಬಡಿಸಬೇಕು, ಯಾವ ಹೊತ್ತಿಗೆ ಬಡಿಸಬೇಕು ಎಂಬುದು ನಿಮ್ಮ ತೀರ್ಮಾನ. ಎಷ್ಟು ತಿನ್ನಬೇಕು ಎಂಬುದು ಅವನದು. ಎಲ್ಲರೂ ಉಣ್ಣುವಾಗ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅವನ ಕೈಯಿಂದಲೇ ತಿನ್ನಲು ಬಿಡಿ, ಅರ್ಧ ಗಂಟೆಯ ಬಳಿಕ ಮಾತಿಲ್ಲದೆ ತಟ್ಟೆ ಎತ್ತಿಡಿ, ಮುಂದಿನ ಹೊತ್ತಿನವರೆಗೆ, ಮೇಲೆ ಹೇಳಿದ ಎರಡು ಸಣ್ಣ ಲೋಟ ಹಾಲು ಬಿಟ್ಟರೆ, ನೀರು ಮಾತ್ರ ಕೊಡಿ. ಹಪ್ಪಳದ ಡಬ್ಬಿ ಅಟ್ಟ ಸೇರಲಿ. ಆಷಾಢದ ಜಡಿಮಳೆಯಲ್ಲಿ ಮನೆಯೊಳಗೇ ಕೂತ ಮಗುವಿಗೆ ಹಸಿವಾಗುವುದು ಕಷ್ಟ, ಆದ್ದರಿಂದ ಜಗಲಿಯಲ್ಲಾದರೂ ಕುಣಿದಾಡಲು ಜಾಗ ಮಾಡಿಕೊಡಿ.

ಮೂರು ತಿಂಗಳಾದರೂ ತೂಕ ಏರದಿದ್ದರೆ, ನುಂಗುವಾಗ ಕೆಮ್ಮು ಅಥವಾ ವಾಂತಿ ಬರುತ್ತಿದ್ದರೆ, ಮೊದಲು ತಿನ್ನುತ್ತಿದ್ದುದನ್ನೂ ಒಂದೊಂದಾಗಿ ಬಿಡುತ್ತಿದ್ದರೆ, ಮುಖ ಬಿಳಿಚಿಕೊಂಡಿದ್ದರೆ ಅಥವಾ ಅವನು ಮಣ್ಣು, ಗೋಡೆಯ ಸುಣ್ಣ ತಿನ್ನುವುದು ಕಂಡರೆ ತಡಮಾಡದೆ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅಲ್ಲಿಯವರೆಗೆ ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ ನೋಡಿಸಿ, ಅಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನು ತಪ್ಪಿಸಬೇಡಿ.

ಪ್ರಶ್ನೆ: ಸೊಪ್ಪು ತಿಂದರೆ ಚಾಕೊಲೇಟ್ ಕೊಡುತ್ತೇನೆ ಎಂದು ನಾಲ್ಕು ವರ್ಷದ ಮಗಳಿಗೆ ಆಸೆ ತೋರಿಸುವುದು ತಪ್ಪೇ? ಸೊಪ್ಪನ್ನು ಅಕ್ಕಿ ರೊಟ್ಟಿಯ ಹಿಟ್ಟಿನಲ್ಲಿ ಅಡಗಿಸಬಹುದೇ?
– ಒಬ್ಬ ತಂದೆ, ಸಾಗರ

ಉತ್ತರ: ಆಸೆ ತೋರಿಸಿದರೆ ಅವಳ ಮನಸ್ಸಿನಲ್ಲಿ ಚಾಕೊಲೇಟಿನ ಬೆಲೆ ಏರುತ್ತದೆ, ಸೊಪ್ಪು ಸಹಿಸಿಕೊಳ್ಳಬೇಕಾದ ಶಿಕ್ಷೆಯಾಗುತ್ತದೆ. ರೊಟ್ಟಿಗೆ ಸೊಪ್ಪು ಹಾಕುವುದು ಒಳ್ಳೆಯದೇ, ಆದರೆ ಅಡಗಿಸಬೇಡಿ. ಗುಟ್ಟು ತಿಳಿದ ದಿನ ರೊಟ್ಟಿಯನ್ನೂ ಬಿಟ್ಟಾಳು. ಹಿತ್ತಲಿನ ಹರಿವೆಯನ್ನು ಅವಳ ಕೈಯಿಂದಲೇ ಕೊಯ್ಯಿಸಿ, ಹಿಟ್ಟಿಗೆ ಬೆರೆಸುವಾಗಲೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.