ಶಾಲೆ ಲ್ಯಾಪ್‌ಟಾಪಲ್ಲಿ ಓಡುವ ಪ್ರೋಗ್ರಾಮ್ ಮನೆಯಲ್ಲಿ ಓಡುದಿಲ್ಲ, ಜಿಟಿಕೆ 3ರಲ್ಲೇ ಇರುವುದಾ 4ಕ್ಕೆ ಹೋಗುವುದಾ?

ಮಾಸ್ಟ್ರೇ, ನೀವು ಕೇಳಿದ್ದು ನನಗೆ ಅರ್ಥ ಆದದ್ದು ಹೀಗೆ. ಬದಿಯಡ್ಕ ಕಡೆಯ ಕನ್ನಡ ಮೀಡಿಯಂ ಶಾಲೆ, ಲೈಬ್ರರಿಯ ಪುಸ್ತಕ ಕೊಟ್ಟದ್ದು ಬಂದದ್ದು ಬರೆದಿಡ್ಲಿಕ್ಕೆ ಪೈಥಾನಲ್ಲಿ ಜಿಟಿಕೆ (ಕಿಟಕಿ, ಬಟನ್ ಎಲ್ಲ ತೋರಿಸುವ ರೆಡಿ ಕೋಡಿನ ಕಟ್ಟು, ಇಂತದ್ದಕ್ಕೂ ಲೈಬ್ರರಿ ಅಂತಲೇ ಹೇಳುದು) ಹಾಕಿ ಒಂದು ಚಿಕ್ಕ ಪ್ರೋಗ್ರಾಮ್ ಮಾಡಿದ್ದೀರಿ, ಕಿಟಕಿಯ ಡಿಸೈನ್ ಎಲ್ಲ ಗ್ಲೇಡ್ ಹೇಳುವ ಡಿಸೈನ್ ಟೂಲಲ್ಲಿ. ಲ್ಯಾಬಿನ ಲ್ಯಾಪ್‌ಟಾಪುಗಳಲ್ಲಿ ಕೆಲವದ್ರಲ್ಲಿ ಕೇರಳದ ಶಾಲೆಗಳ ಐಟಿ ನೋಡಿಕೊಳ್ಳುವ ಕೈಟ್‌ನವರ ಹಳೇ ಉಬುಂಟು 18.04, ಕೆಲವದ್ರಲ್ಲಿ 22.04, ನಿಮ್ಮ ಮನೆಯದ್ದು ಉಬುಂಟು 24.04. ಹಳತರಲ್ಲಿ ಎಂತದೋ ಒಂದು ವಾರ್ನಿಂಗ್ ತೋರಿಸಿ ಸುಮ್ಮನೆ ಓಡ್ತದೆ, ಮನೆಯ ಹೊಸ ಮೆಶಿನಲ್ಲಿ ಮಾತ್ರ ‘ಮೇನ್’ ಅಂತ ಒಂದು ಇಲ್ಲವೇ ಇಲ್ಲ ಹೇಳಿ ಬಿದ್ದು ಹೋಗ್ತದೆ. ಅದಕ್ಕೆ ಯಾರೋ ನಿಮಗೆ ಎಲ್ಲ ಜಿಟಿಕೆ 4ಕ್ಕೆ ಬದಲಿಸಿ, 3 ಇನ್ನು ಸತ್ತ ಹಾಗೆಯೇ ಅಂತ ಹೇಳಿದ್ದಾರೆ.

ಬದಲಿಸ್ಬೇಡಿ. 3ರಲ್ಲೇ ಇರಿ, ಆ 18.04ರ ಲ್ಯಾಪ್‌ಟಾಪುಗಳು ಲ್ಯಾಬಲ್ಲಿ ಇರುವಷ್ಟು ದಿನ ಬೇರೆ ಸುಲಭದ ದಾರಿಯೂ ಇಲ್ಲ.

ಮೊದಲು ಆ ಎರರ್ ಎಂತಕ್ಕೆ ಬರುದು ಹೇಳ್ತೇನೆ, ಅದು ಗೊತ್ತಾದ್ರೆ ಅರ್ಧ ಮಂಡೆಬಿಸಿ ಕಡಿಮೆ ಆಗ್ತದೆ. ಜಿಟಿಕೆ 3 ಮತ್ತು 4 ಒಂದೇ ಲೈಬ್ರರಿಯ ಹಳೇ ಕಾಪಿ ಹೊಸ ಕಾಪಿ ಅಲ್ಲ, ಒಂದೇ ಮೆಶಿನಲ್ಲಿ ಎರಡೂ ಒಟ್ಟಿಗೆ ಇರ್ಲಿಕ್ಕೆ ಅಂತಲೇ ಫೈಲಿನ ಹೆಸರೂ ಬೇರೆ, ಪ್ಯಾಕೇಜೂ ಬೇರೆ ಮಾಡಿ ಇಟ್ಟದ್ದು, 4 ಹಾಕಿದ್ರೆ 3 ಎಲ್ಲಿಗೂ ಹೋಗುದಿಲ್ಲ. ಆದ್ರೆ ನಿಮ್ಮ ಪ್ರೋಗ್ರಾಮಿಗೆ ಎರಡರಲ್ಲಿ ಯಾವುದು ಬೇಕು ಅಂತ ನೀವು ಹೇಳ್ಬೇಕು. ಪೈಥಾನಲ್ಲಿ ಅದಕ್ಕೆ ‘ರಿಕ್ವೈರ್ ವರ್ಷನ್’ ಅಂತ ಒಂದು ಸಾಲು ಉಂಟು, ಜಿಟಿಕೆಯನ್ನು ಇಂಪೋರ್ಟ್ ಮಾಡುವ ಸಾಲಿಗಿಂತ ಮೇಲೆ ಅದನ್ನು ಬರೀಬೇಕು, ಕೆಳಗೆ ಬರೆದ್ರೆ ಪ್ರಯೋಜನ ಇಲ್ಲ. ನೀವು ಅದನ್ನು ಬರೆದಿಲ್ಲ. ಬರೆಯದಿದ್ರೆ ಅದು ಆ ಮೆಶಿನಲ್ಲಿ ಇರುವುದರಲ್ಲಿ ಎಲ್ಲಕ್ಕಿಂತ ಹೊಸ ವರ್ಷನ್ ಯಾವುದುಂಟೋ ಅದನ್ನು ಎತ್ತಿಕೊಳ್ತದೆ. 18.04ರಲ್ಲಿ ಇರುದು 3.22 ಮಾತ್ರ, ಹಾಗಾಗಿ 3 ಸಿಕ್ಕಿತು, ‘ನೀವು ವರ್ಷನ್ ಹೇಳ್ಲಿಲ್ಲ’ ಅಂತ ವಾರ್ನಿಂಗ್ ಕೊಟ್ಟು ಓಡಿತು. ಮನೆಯಲ್ಲಿ 4.14 ಸಿಕ್ಕಿತು, 4ರಲ್ಲಿ ಪ್ರೋಗ್ರಾಮನ್ನು ಓಡಿಸ್ತಾ ಇಡುವ ಆ ‘ಮೇನ್’ ಫಂಕ್ಷನನ್ನೇ ತೆಗೆದು ಹಾಕಿದ್ದಾರೆ, ಬಿದ್ದಿತು. ಇದರಲ್ಲಿ ನಿಮ್ಮ ಕೋಡಿನ ತಪ್ಪು ಅಂತ ಎಂತದೂ ಇಲ್ಲ, ‘3.0’ ಅಂತ ಆ ಒಂದು ಸಾಲು ಸೇರಿಸಿ, ಆ ಎರರ್ ಮತ್ತೆ ಬರುದಿಲ್ಲ. ಅಲ್ಲಿ 3.22 ಅಂತ ಬರೀಲಿಕ್ಕೆ ಹೋಗ್ಬೇಡಿ, 3.0 ಅಂದ್ರೆ 3ನೇ ಸಂತತಿ ಅಂತ ಅಷ್ಟೇ.

ಇನ್ನು 3 ಸತ್ತಿದೆ ಅಂತ ಹೇಳಿದವರ ವಿಷಯ. 3 ಬಂದದ್ದು 2011ರಲ್ಲಿ, 4 ಬಂದದ್ದು 2020 ಡಿಸೆಂಬರಲ್ಲಿ. 4 ಬಂದಾಗ ನಿಲ್ಲಿಸಿದ್ದು 2ನ್ನು, 3ನ್ನಲ್ಲ. ಇನ್ನು 3ಕ್ಕೆ ಹೊಸ ಫೀಚರ್ ಬರುದಿಲ್ಲ, 2018ರಲ್ಲಿ ಬಂದ 3.24ರಲ್ಲೇ ರಿಪೇರಿ ಮಾತ್ರ ನಡೀತಾ ಉಂಟು, ಮತ್ತೆ ಅದನ್ನು ಕೈಬಿಡುದು 5 ಬಂದ ಮೇಲೆ. ಹೊಸತು ಎಂತದೂ ಬರದ ಲೈಬ್ರರಿ ಅಂದ್ರೆ ನಮ್ಮಂತವರಿಗೆ ಒಳ್ಳೆಯದೇ ಅಲ್ಲವಾ, 3ರ ಶುರುವಿನ ವರ್ಷಗಳಲ್ಲಿ ಒಂದೊಂದು ವರ್ಷನಿಗೂ ಥೀಮ್ ಒಡೆದು ಬಣ್ಣ ಎಲ್ಲ ಚೆಲ್ಲಾಪಿಲ್ಲಿ ಆಗ್ತಿತ್ತು, 3.20 ಬಂದಾಗ ಬಣ್ಣ, ಅಂದ ಹೇಳುವ ಸಿಎಸ್‌ಎಸ್ ಹೆಸರುಗಳನ್ನೇ ಬದಲಿಸಿದ್ರು, ಈಗ ಆ ಪಿರಿಪಿರಿ ಇಲ್ಲ. ಎಕ್ಸ್‌ಎಫ್‌ಸಿಇ, ಮಾಟೆ ಇಂತ ಡೆಸ್ಕ್‌ಟಾಪುಗಳು ಪೂರ್ತಿ ನಿಂತದ್ದು 3ರ ಮೇಲೆ. ನಾನು ಊರಿನ ಒಂದು ಅಡಿಕೆ ಅಂಗಡಿಗೆ ಮಾಡಿಕೊಟ್ಟ ಖರೀದಿ ಬಿಲ್ಲಿನ ಪ್ರೋಗ್ರಾಮೂ 3ರಲ್ಲೇ ಇರುದು, ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಅಂತ ಅಡಿಕೆಯ ಬಗೆಗಳು ಸಾಲು ಸಾಲು ಬರ್ತದೆ, ತೂಕ ಹಾಕಿದ್ರೆ ದುಡ್ಡು ತೋರಿಸ್ತದೆ, ಅವರಿಗೆ ಅದು 3ರದ್ದಾ 4ರದ್ದಾ ಅಂತ ಯಾಕೆ ಬೇಕು.

ನನ್ನ ಲೆಕ್ಕದಲ್ಲಿ ವರ್ಷನ್ ಆರಿಸುದು ಎರಡು ವಿಷಯ ನೋಡಿ. ಪ್ರೋಗ್ರಾಮ್ ಓಡ್ಬೇಕಾದ ಮೆಶಿನುಗಳಲ್ಲಿ ಎಲ್ಲಕ್ಕಿಂತ ಹಳತು ಯಾವುದು, ಮತ್ತೆ ನಿಮ್ಮ ಪ್ರೋಗ್ರಾಮ್ ಬೇರೆ ಎಂತೆಂತ ಲೈಬ್ರರಿ ಎಳೆದುಕೊಂಡು ಬರ್ತದೆ. ಈ ಎರಡನೇದು ಯಾರಿಗೂ ನೆನಪಿರುದಿಲ್ಲ. ಒಂದೇ ಪ್ರೋಗ್ರಾಮ್ ಓಡ್ತಾ ಇರುವಾಗ ಅದರೊಳಗೆ 3 ಮತ್ತು 4 ಒಟ್ಟಿಗೆ ಬರ್ಲಿಕ್ಕೇ ಆಗುದಿಲ್ಲ, ಎರಡರಲ್ಲೂ ಒಂದೇ ಹೆಸರಿನ ಫಂಕ್ಷನುಗಳು ಉಂಟು, 4 ಅದನ್ನು ಕಂಡ ಕೂಡ್ಲೇ ಎರರ್ ಕೊಟ್ಟು ನಿಲ್ತದೆ. ನೀವು 4 ಅಂತ ಬರೆದು, ಮೇಲಿನ ಪಟ್ಟಿಯಲ್ಲಿ ಒಂದು ಐಕಾನ್ ಇರ್ಲಿ ಅಂತ ಆಯತನ ಆಪ್‌ಇಂಡಿಕೇಟರ್ ಇಂಪೋರ್ಟ್ ಮಾಡಿದ್ರೆ, ಅದು ಒಳಗಿಂದ 3ನ್ನು ಕೇಳ್ತದೆ, ಆಗ ‘4.0 ಆಗಲೇ ಲೋಡ್ ಆಗಿದೆ’ ಅಂತ ಬರ್ತದೆ. ವೆಬ್ ಪುಟ ತೋರಿಸುವ ವೆಬ್‌ಕಿಟ್ಟೂ ಹಾಗೆಯೇ, 3ಕ್ಕೆ ಬೇರೆ ವರ್ಷನ್, 4ಕ್ಕೆ ಬೇರೆ. ನಿಮ್ಮದ್ರಲ್ಲಿ ಇಂತದ್ದು ಇದ್ದ ಹಾಗೆ ಕಾಣುದಿಲ್ಲ, ಆದ್ರೂ ಇಂಪೋರ್ಟ್ ಸಾಲುಗಳನ್ನು ಒಮ್ಮೆ ನೋಡಿಕೊಳ್ಳಿ.

ಹಳೇ ಮೆಶಿನಿಗೆ ಜಿಟಿಕೆ 4ರ ಫೈಲನ್ನು ಪೆನ್‌ಡ್ರೈವಲ್ಲಿ ತಂದು ಕಾಪಿ ಮಾಡಿದ್ರೆ ಆಗ್ತದಾ ಅಂತಲೂ ಕೇಳಿದ್ದೀರಿ. ಆಗುದಿಲ್ಲ. 4ಕ್ಕೆ ಅದರ ಬುಡದಲ್ಲಿರುವ ಜಿಲಿಬ್ ಹೇಳುವ ಲೈಬ್ರರಿ 2.66 ಆದ್ರೂ ಬೇಕು, 18.04ರಲ್ಲಿ ಇರುದು 2.56. ಜಿಲಿಬನ್ನು ಬದಲಿಸ್ಲಿಕ್ಕೆ ಹೋದ್ರೆ ಇಡೀ ಡೆಸ್ಕ್‌ಟಾಪೇ ಅದರ ಮೇಲೆ ಕೂತದ್ದು, ನಾಳೆ ಮಕ್ಕಳ ಐಟಿ ಪರೀಕ್ಷೆಯ ಹೊತ್ತಿಗೆ ಸ್ಕ್ರೀನೇ ಬರುದಿಲ್ಲ, ಆಮೇಲೆ ಎಸ್‌ಐಟಿಸಿ (ಶಾಲೆಯ ಐಟಿ ಕೋಆರ್ಡಿನೇಟರ್) ಹತ್ರ ಬೈಗುಳ ತಿನ್ನುದು ನೀವೇ. ಫ್ಲಾಟ್‌ಪ್ಯಾಕ್ ಅಂತ ಒಂದು ದಾರಿ ಉಂಟು, ಅದರಲ್ಲಿ ಪ್ರೋಗ್ರಾಮಿಗೆ ಬೇಕಾದ ಲೈಬ್ರರಿ ಎಲ್ಲ ಅದರ ಜೊತೆಗೇ ಬರ್ತದೆ, ಆದ್ರೆ ಪುಸ್ತಕದ ರಿಜಿಸ್ಟರಿಗೆ ಅಷ್ಟು ದೊಡ್ಡ ಡೌನ್‌ಲೋಡ್ ಮಾಡಿ ಪ್ರತಿ ಲ್ಯಾಪ್‌ಟಾಪಿಗೂ ಹಾಕುದು ನನಗೆ ಸರಿ ಕಾಣುದಿಲ್ಲ.

3ರಲ್ಲೇ ಬರೀರಿ, ಆದ್ರೆ ಮುಂದೆ ಹಳೇ ಲ್ಯಾಪ್‌ಟಾಪ್ ಎಲ್ಲ ಹೋಗಿ 4ಕ್ಕೆ ಹೋಗುವ ದಿನ ಬಂದ್ರೆ ತೊಂದರೆ ಕಡಿಮೆ ಆಗುವ ಹಾಗೆ ಬರೀರಿ. ಆ ‘ಮೇನ್’ ಬಿಟ್ಟು ಜಿಟಿಕೆ ಅಪ್ಲಿಕೇಶನ್ ಅಂತ ಇರುವ ಕ್ಲಾಸ್ ಹಿಡ್ಕೊಳ್ಳಿ, ಅದು ಎರಡರಲ್ಲೂ ಉಂಟು. ಡಯಲಾಗಿಗೆ ‘ರನ್’ ಅಂತ ಕೊಟ್ಟು ಅಲ್ಲೇ ಕಾದು ಕೂರುವ ಕ್ರಮ 4ರಲ್ಲಿ ಇಲ್ಲ, ಈಗಲೇ ಅದರ ರೆಸ್ಪಾನ್ಸ್ ಸಿಗ್ನಲಿಗೆ (ಬಟನ್ ಒತ್ತಿದಾಗ ಬರುವ ಸೂಚನೆಗೆ) ಫಂಕ್ಷನ್ ಕಟ್ಟಿ ಬಿಡಿ. ಫೈಲ್ ಆರಿಸ್ಲಿಕ್ಕೆ ಫೈಲ್ ಚೂಸರ್ ನೇಟಿವ್ 3.20ರಿಂದಲೂ ಉಂಟು, 4ರಲ್ಲೂ ಓಡ್ತದೆ. ಬಾಕ್ಸಿಗೆ ‘ಪ್ಯಾಕ್ ಸ್ಟಾರ್ಟ್’ ಕೊಡುದು 4ರಲ್ಲಿ ಹೋಗಿದೆ, ಗ್ರಿಡ್ ಇಟ್ಟು ಅಟ್ಯಾಚ್ ಮಾಡಿದ್ರೆ ಎರಡು ಕಡೆಯೂ ಒಂದೇ. ಒಂದು ಕಡೆ ಮಾತ್ರ ಜಾಗ್ರತೆ, ಕೀಬೋರ್ಡ್ ಒತ್ತಿದ್ದನ್ನು ಹಿಡಿಯುದಕ್ಕೆ 3ರಲ್ಲೇ ಈಗಿಂದೀಗ ಇವೆಂಟ್ ಕಂಟ್ರೋಲರ್ ಹಾಕಿ ಅಂತ ಓದಿದ್ರೆ ನಂಬಿ ಕೂರ್ಬೇಡಿ, ಕೀಬೋರ್ಡಿನ ಕಂಟ್ರೋಲರ್ ಬಂದದ್ದು 3.24ರಲ್ಲಿ, 18.04ರ 3.22ರಲ್ಲಿ ಅದು ಇಲ್ಲ. ಪುಸ್ತಕದ ಪಟ್ಟಿಗೆ ಟ್ರೀವ್ಯೂ (ಸಾಲು ಸಾಲಾಗಿ ತೋರಿಸುವ ಜಿಟಿಕೆಯ ಪಟ್ಟಿ) ಹಾಕಿದ್ದೀರಿ, ಇರ್ಲಿ. 4.10ರಿಂದ ಅದನ್ನು ಹಳತು ಅಂತ ಗುರುತು ಹಾಕಿದ್ದಾರೆ, ಆದ್ರೆ ತೆಗೆದಿಲ್ಲ. ನಿಮ್ಮ ಪಟ್ಟಿಯಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಬರುದರಿಂದ ಸಾಲುಗಳ ಎತ್ತರ ಬೇರೆ ಬೇರೆ ಆಗ್ತದೆ, ಅದರ ‘ಫಿಕ್ಸೆಡ್ ಹೈಟ್’ ಆನ್ ಮಾಡ್ಬೇಡಿ, ಒತ್ತಕ್ಷರದ ಬುಡ ಕತ್ತರಿಸಿ ಹೋಗ್ತದೆ. ಯಾವ ಲಿಪಿಗೆ ಯಾವ ಫಾಂಟ್ ಅಂತ ನೋಡಿಕೊಳ್ಳುದು ಪ್ಯಾಂಗೋ, ಅದು 3ಕ್ಕೂ 4ಕ್ಕೂ ಒಂದೇ, ಕನ್ನಡ ಚಂದ ಕಾಣ್ಲಿಕ್ಕೆ ಅಂತ 4 ಬೇಕಾಗಿಲ್ಲ.

ಇದೇ ಪ್ರೋಗ್ರಾಮನ್ನು ನೀವು ಇವತ್ತು ಹೊಸತಾಗಿ ಶುರು ಮಾಡುದು, ಎಲ್ಲ ಮೆಶಿನೂ 22.04 ಅಥವಾ ಅದಕ್ಕಿಂತ ಹೊಸತು ಅಂತ ಆದ್ರೆ ನಾನು 4 ಅಂತಲೇ ಹೇಳ್ತಿದ್ದೆ. ಆಗ ಬೇರೆ ಎರಡು ಮೂರು ರಗಳೆ. ಮಾಹಿತಿ ನೋಡುವಾಗ ಇತ್ತೀಚಿನ ವರ್ಷನಿನ ಪುಟವೇ ಮೊದಲು ಬರ್ತದೆ, ಅದರಲ್ಲಿ ಫೈಲ್ ಡಯಲಾಗ್, ಅಲರ್ಟ್ ಡಯಲಾಗ್ ಅಂತ ಚಂದ ಚಂದದ್ದು ಕಾಣ್ತದೆ, ಅವೆಲ್ಲ 4.10ರವು, 22.04ರಲ್ಲಿ ಇರುದು 4.6. ಪ್ರತಿಯೊಂದರ ಕೆಳಗೆ ಯಾವ ವರ್ಷನಿಂದ ಅಂತ ಬರೆದಿರ್ತದೆ, ಅದನ್ನು ನೋಡದೆ ಕೋಡ್ ಹಾಕುದು ಬೇಡ. ಗ್ಲೇಡ್ 4ಕ್ಕೆ ಆಗುದಿಲ್ಲ, ಅದಕ್ಕೆ ಕ್ಯಾಂಬಲಾಶ್ ಅಂತ ಬೇರೆ ಡಿಸೈನ್ ಟೂಲ್ ಉಂಟು, ಹಳೇ ಡಿಸೈನ್ ಫೈಲನ್ನು 4ರದ್ದು ಮಾಡ್ಲಿಕ್ಕೆ ಜಿಟಿಕೆ 4ರ ಬಿಲ್ಡರ್ ಟೂಲಿನಲ್ಲಿ ‘3 ಟು 4’ ಅಂತ ಒಂದು ಆಪ್ಶನ್ ಕೊಟ್ಟಿದ್ದಾರೆ, ಮುಕ್ಕಾಲು ಕೆಲಸ ಅದೇ ಮಾಡ್ತದೆ, ಉಳಿದದ್ದು ಕೈಯಲ್ಲಿ. ಕನ್ನಡ ಟೈಪ್ ಆಗುದಿಲ್ಲ ಅಂತ ಆದ್ರೆ ಟೈಪಿಂಗ್ ನೋಡಿಕೊಳ್ಳುವ ಐಬಸ್ಸಿಗೆ ಜಿಟಿಕೆ 4ರ ಪ್ಯಾಕೇಜ್ ಬೇರೆಯೇ ಉಂಟು, ಸ್ಕ್ರೀನ್ ನಡೆಸುವ ಹೊಸ ಕ್ರಮ ವೇಲ್ಯಾಂಡ್ ಅಲ್ಲದೆ ಹಳೇ ಎಕ್ಸ್‌ಆರ್ಗಲ್ಲಿ ಲಾಗಿನ್ ಆಗುವವರಿಗೆ ಅದು ಬೇಕಾಗ್ತದೆ. ಹಳೇ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಲ್ಲಿ ಕಿಟಕಿ ಖಾಲಿ ಬಂದ್ರೆ ಅಥವಾ ಎಳೆದೆಳೆದು ಬಂದ್ರೆ ರೆಂಡರರ್ (ಚಿತ್ರ ಬಿಡಿಸುವ ಭಾಗ) ಅನ್ನು ಕೈರೋ ಅಂತ ಬದಲಿಸಿ ನೋಡಿ, 4 ಮಾಮೂಲಿಗೆ ಚಿತ್ರ ಬಿಡಿಸುದು ಗ್ರಾಫಿಕ್ಸ್ ಕಾರ್ಡನ್ನು ಬಳಸುವ ಓಪನ್‌ಜಿಎಲ್ ಅಥವಾ ಇತ್ತೀಚಿನ ವರ್ಷನಲ್ಲಿ ವಲ್ಕನ್ ಮೂಲಕ, 3ಕ್ಕೆ ಆ ಸಮಸ್ಯೆ ಇಲ್ಲ.

ಮತ್ತೆ ಒಂದು, ಇದು ಜಿಟಿಕೆ ವಿಷಯ ಅಲ್ಲ ಆದ್ರೂ ಹೇಳ್ತೇನೆ. 18.04ರ ಪೈಥಾನ್ 3.6, ಮನೆಯದ್ದು 3.12. ನೀವು ಹಾಕಿದ ಕೋಡಲ್ಲಿ ಪುಸ್ತಕದ ವರ್ಗ ನೋಡುವ ಕಡೆ ‘ಮ್ಯಾಚ್ ಕೇಸ್’ ಉಂಟು, ಅದು 3.10ರಿಂದ ಮಾತ್ರ. ಮನೆಯಲ್ಲಿ ಈಗಷ್ಟೇ ಸೇರಿಸಿದ್ದು ಅಂತ ಕಾಣ್ತದೆ, ಯಾಕಂದ್ರೆ ಅದು ಇದ್ರೆ ಶಾಲೆಯಲ್ಲಿ ವಾರ್ನಿಂಗ್ ಬರುವಷ್ಟು ದೂರವೂ ಹೋಗುದಿಲ್ಲ, ಸಿಂಟ್ಯಾಕ್ಸ್ ಎರರ್ ಬರ್ತದೆ. ಅಲ್ಲಿ ಇಫ್ ಎಲಿಫ್ ಹಾಕಿ ಬಿಡಿ.