ಸಂದರ್ಶಕರಾಗಲು ಕರೆ ಬಂದಿರುವ ನಿಮಗೆ

ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲೇ ನಿಮ್ಮ ವಿಶ್ವವಿದ್ಯಾಲಯದಿಂದ ಪತ್ರ ಬಂದಿದೆ ಎಂದು ಬರೆದಿದ್ದೀರಿ. ಪದವಿ ತರಗತಿಗೆ ಅರ್ಜಿ ಹಾಕುವ ಹೈಸ್ಕೂಲ್ ಮಕ್ಕಳನ್ನು ಹಳೆಯ ವಿದ್ಯಾರ್ಥಿಯಾಗಿ ನೀವು ಸಂದರ್ಶಿಸಬೇಕೆಂಬುದು ಅವರ ಕೋರಿಕೆ. ಅರ್ಧ ಗಂಟೆಯ ಮಾತುಕತೆಯಿಂದ ಮಕ್ಕಳನ್ನು ಅಳೆಯುವುದು ನ್ಯಾಯವೇ, ಇಲ್ಲಿ ಶಾಲೆ ಓದದ, ಕನ್ನಡದ ಛಾಯೆಯ ಇಂಗ್ಲಿಷ್ ಮಾತಾಡುವ ನನಗೆ ಆ ಅರ್ಹತೆ ಇದೆಯೇ ಎಂದು ಕೇಳಿದ್ದೀರಿ. ನಾನು ಬಹಳ ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ದಯವಿಟ್ಟು ಒಪ್ಪಿಕೊಳ್ಳಿ.

ನಿಮ್ಮ ಮೊದಲ ಅನುಮಾನಕ್ಕೆ ಗಟ್ಟಿಯಾದ ಆಧಾರವಿದೆ. 1963ರಲ್ಲಿ ಮೈಸೂರು ಸರ್ಕಾರವು ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಸೀಟುಗಳ ಆಯ್ಕೆಯಲ್ಲಿ, ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ 25ರಷ್ಟನ್ನು ಸಂದರ್ಶನಕ್ಕೆ ಮೀಸಲಿಟ್ಟಿತು. ಅದನ್ನು ಪ್ರಶ್ನಿಸಿದ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1964ರಲ್ಲಿ ಬಹುಮತದಿಂದ ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಮುಂದೆ 1980ರಲ್ಲಿ, ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎರಡು ಮೂರು ನಿಮಿಷಗಳಲ್ಲಿ ಮುಗಿಯುತ್ತಿದ್ದ ಸಂದರ್ಶನಕ್ಕೆ ಒಟ್ಟು ಅಂಕಗಳ ಮೂರನೆಯ ಒಂದು ಭಾಗ ಇಟ್ಟಿದ್ದು ಮನಸೋಇಚ್ಛೆಯ ಕ್ರಮವೆಂದು ಅದೇ ನ್ಯಾಯಾಲಯ ಹೇಳಿತು. 1994ರಲ್ಲಿ ಸಿಇಟಿ ಬಂದ ಮೇಲೆ ಬೆಳೆದ ನಮ್ಮ ಮಕ್ಕಳಿಗೆ ರ‍್ಯಾಂಕ್ ಪಟ್ಟಿಯೇ ನ್ಯಾಯದ ರೂಪವಾಗಿ ಕಾಣುವುದು ಸಹಜ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಅಮೆರಿಕದ ಇತಿಹಾಸವೂ ಶುಭ್ರವಾಗಿಲ್ಲ. 1922ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷ ಲೋವೆಲ್ ಅವರು ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಲು ಹೊರಟರು. ಆ ದಶಕದಲ್ಲಿಯೇ ಅಂಕಗಳ ಜೊತೆಗೆ ‘ವ್ಯಕ್ತಿತ್ವ’ವನ್ನು ತೂಗುವ ಪದ್ಧತಿ ಬಲವಾಯಿತು. ಆದರೆ ಇದೇ ಹಾರ್ವರ್ಡ್ ಮೇಲಿನ ಮೊಕದ್ದಮೆಯಲ್ಲಿ, ಅಂದರೆ ಜನಾಂಗವನ್ನು ಪರಿಗಣಿಸಿ ಪ್ರವೇಶ ಕೊಡುವುದನ್ನು 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ನಿಲ್ಲಿಸಿದ ಪ್ರಕರಣದಲ್ಲಿ, ನಮಗೆ ಸಂಬಂಧಿಸಿದ ಇನ್ನೊಂದು ಸಂಗತಿ ಹೊರಬಂತು. ಏಷ್ಯಾ ಮೂಲದ ಅರ್ಜಿದಾರರಿಗೆ ಪ್ರವೇಶ ಕಚೇರಿಯವರು ವ್ಯಕ್ತಿತ್ವದ ಅಂಕಗಳನ್ನು ಬಿಳಿಯರಿಗಿಂತ ಕಡಿಮೆ ಕೊಟ್ಟಿದ್ದರು. ಅದೇ ಅರ್ಜಿದಾರರನ್ನು ಎದುರು ಕೂತು ಮಾತಾಡಿಸಿದ ಹಳೆಯ ವಿದ್ಯಾರ್ಥಿಗಳು ಕೊಟ್ಟ ಅಂಕಗಳು ಬಿಳಿಯರ ಅಂಕಗಳಿಗೆ ಹೆಚ್ಚುಕಡಿಮೆ ಸಮವಾಗಿದ್ದವು ಎಂದು ವಾದಿಗಳ ಪರ ತಜ್ಞ ಪೀಟರ್ ಆರ್ಸಿಡಿಯಾಕೊನೊ ವಾದಿಸಿದರು. ತಾರತಮ್ಯದ ಆರೋಪವನ್ನು ಹಾರ್ವರ್ಡ್ ನಿರಾಕರಿಸಿತು, ಕೆಳಗಿನ ನ್ಯಾಯಾಲಯವೂ ಅದರ ಮಾತನ್ನೇ ಒಪ್ಪಿತ್ತು. ಹಾಗಿದ್ದರೂ ಮಗುವನ್ನು ಕಣ್ಣಾರೆ ಕಂಡವರೊಬ್ಬರ ಮಾತು ಅರ್ಜಿಯ ಕಡತದಲ್ಲಿ ಇರಲೇಬೇಕೆಂಬ ನನ್ನ ನಂಬಿಕೆ ಅದರಿಂದ ದೃಢವಾಯಿತು.

ಸೀಟು ಕೊಡುವ ಅಧಿಕಾರ ನಿಮಗಿರುವುದಿಲ್ಲ. ಸಾಮಾನ್ಯವಾಗಿ ಅಂಕಪಟ್ಟಿಯನ್ನಾಗಲಿ ಪ್ರಬಂಧಗಳನ್ನಾಗಲಿ ನಿಮಗೆ ತೋರಿಸುವುದಿಲ್ಲ. ಹೆಸರು, ಶಾಲೆ, ಸಂಪರ್ಕದ ವಿವರ ಇಷ್ಟೇ ಬರುತ್ತದೆ. ಗ್ರಂಥಾಲಯದಲ್ಲೋ ಕಾಫಿ ಅಂಗಡಿಯಲ್ಲೋ ಅಥವಾ ಝೂಮ್‌ನಲ್ಲೋ ಭೇಟಿಯಾಗಿ, ಮಾತಾಡಿ, ವರದಿ ಕಳಿಸುತ್ತೀರಿ. ಅದು ಕಡತದ ಅನೇಕ ಕಾಗದಗಳಲ್ಲಿ ಒಂದು. ಬ್ರೌನ್, ಕೊಲಂಬಿಯಾದಂತಹ ಕೆಲವು ವಿಶ್ವವಿದ್ಯಾಲಯಗಳು ಈ ಸಂದರ್ಶನವನ್ನೇ ಕೈಬಿಟ್ಟಿವೆ. ಅದು ನಷ್ಟವೆಂದೇ ನನ್ನ ಅಭಿಪ್ರಾಯ.

ನಿಜವಾದ ಶ್ರಮವಿರುವುದು ವರದಿಯಲ್ಲಿ. ‘ಬುದ್ಧಿವಂತೆ, ಉತ್ಸಾಹಿ, ವಿನಯವಂತೆ’ ಎಂದು ಬರೆದರೆ ಓದುವವರ ಕಣ್ಣ ಮುಂದೆ ಯಾರೂ ಬರುವುದಿಲ್ಲ, ಏಕೆಂದರೆ ಎಲ್ಲರ ಬಗ್ಗೆಯೂ ಎಲ್ಲರೂ ಅದನ್ನೇ ಬರೆದಿರುತ್ತಾರೆ. ಮನೆಯವರ ದಿನಸಿ ಅಂಗಡಿಯಲ್ಲಿ ವಾರದ ಯಾವ ದಿನ ಹಾಲು ಉಳಿದು ಕೆಡುತ್ತದೆ ಎಂಬುದನ್ನು ತಿಂಗಳುಗಟ್ಟಲೆ ಬರೆದಿಟ್ಟು, ಅಪ್ಪನೊಂದಿಗೆ ವಾದಿಸಿ ಆರ್ಡರ್ ಬದಲಾಯಿಸಿದ ಹುಡುಗಿಯೊಬ್ಬಳು ನಿಮಗೆ ಸಿಕ್ಕರೆ, ಅದನ್ನು ಅವಳ ಮಾತಿನಲ್ಲೇ ಬರೆಯಿರಿ. ಅಪ್ಪ ಒಪ್ಪದಿದ್ದಾಗ ಅವಳು ಏನು ಮಾಡಿದಳೆಂದು ಕೇಳುವುದನ್ನು ಮರೆಯಬೇಡಿ. ಅಂಗಡಿಯ ಕೆಲಸವನ್ನು ಸಾಧನೆ ಎಂದು ಅವಳು ಅರ್ಜಿಯಲ್ಲಿ ನಮೂದಿಸದೆಯೇ ಇರಬಹುದು. ನಮ್ಮ ಮನೆಗಳ ಮಕ್ಕಳಿಗೆ ಹಿರಿಯರೆದುರು ತಮ್ಮನ್ನು ತಾವೇ ಹೊಗಳಿಕೊಳ್ಳಬಾರದೆಂಬ ಪಾಠ ಆಗಿರುತ್ತದೆ. ಆ ಸಂಕೋಚವನ್ನು ನಿರಾಸಕ್ತಿ ಎಂದು ತಿಳಿಯದೆ ಕಾಯುವ ಸಂದರ್ಶಕರು ಬೇಕಾಗಿದ್ದಾರೆ, ನಿಮ್ಮನ್ನು ಒತ್ತಾಯಿಸುತ್ತಿರುವುದು ಅದಕ್ಕೇ. ಅಷ್ಟೇ ತಾಳ್ಮೆ, ಫುಟ್‌ಬಾಲ್ ಬಿಟ್ಟು ಬೇರೇನೂ ಮಾತಾಡದ ಹುಡುಗನಿಗೂ ಸಲ್ಲಬೇಕು. ಗಣಿತದ ಒಲಿಂಪಿಯಾಡ್ ಮಾತು ಬಂದ ಕೂಡಲೇ ನಮ್ಮ ಮುಖ ಅರಳುವುದು, ಅಡುಗೆ ಅಥವಾ ನಾಟಕದ ಮಾತು ಬಂದಾಗ ಅರಳದಿರುವುದು ಮಕ್ಕಳಿಗೆ ಗೊತ್ತಾಗುತ್ತದೆ.

ಉಚ್ಚಾರಣೆಯ ಬಗ್ಗೆ ಚಿಂತೆ ಬೇಡ. ನಿಧಾನವಾಗಿ ಮಾತಾಡಿ, ಎದುರಿಗಿರುವ ಮಗು ನಿಮಗಿಂತ ಹೆಚ್ಚು ಹೆದರಿರುತ್ತದೆ.

ಕನ್ನಡ ಕೂಟದಲ್ಲಿ ಈ ಸುದ್ದಿ ಹರಡಿದರೆ ತಂದೆತಾಯಿಗಳು ಖಂಡಿತ ಬರುತ್ತಾರೆ: ‘ನಮ್ಮ ಮಗನಿಗೆ ಸ್ವಲ್ಪ ಹೇಳಿಕೊಡಿ, ಏನು ಕೇಳುತ್ತೀರಿ ಎಂದಾದರೂ ತಿಳಿಸಿ.’ ಮೊದಲ ದಿನವೇ ಕೈಮುಗಿದು ಆಗುವುದಿಲ್ಲ ಎಂದುಬಿಡಿ. ಪರಿಚಯದ ಮನೆಯ ಮಗುವಿನ ಹೆಸರು ನಿಮ್ಮ ಪಟ್ಟಿಗೆ ಬಂದರೆ ಸಂಯೋಜಕರಿಗೆ ತಿಳಿಸಿ ಬೇರೆಯವರಿಗೆ ವರ್ಗಾಯಿಸಿ. ಹಣ ಪಡೆದು ಪ್ರವೇಶದ ಸಲಹೆ ಕೊಡುವ ಕೆಲಸವನ್ನು ಇದರ ಜೊತೆಗೆ ಇಟ್ಟುಕೊಳ್ಳುವಂತಿಲ್ಲ. ಸ್ವಂತ ಮಗು ಅರ್ಜಿ ಹಾಕುವ ವರ್ಷ ಪೂರ್ತಿ ದೂರವಿರಿ.

ನೀವು ಮನಸ್ಸು ತುಂಬಿ ವರದಿ ಬರೆದ ಮಕ್ಕಳಲ್ಲಿ ಹೆಚ್ಚಿನವರಿಗೆ ಸೀಟು ಸಿಗುವುದಿಲ್ಲ. ಎಂಐಟಿಯಲ್ಲಿ ನೂರು ಅರ್ಜಿಗಳಿಗೆ ಐದು ಕೂಡ ಆಯ್ಕೆಯಾಗುವುದಿಲ್ಲ. ಮಾರ್ಚ್‌ನಲ್ಲಿ ಫಲಿತಾಂಶ ಬಂದಾಗ ಅಂತಹ ಮಗುವೊಂದು ನಿಮಗೆ ಪತ್ರ ಬರೆದರೆ, ಕಾರಣಗಳನ್ನು ಊಹಿಸದೆ, ಅದರ ಮಾತುಗಳಲ್ಲಿ ನಿಮಗೆ ನೆನಪಿರುವ ಒಂದನ್ನು ಹೇಳಿ ಉತ್ತರಿಸಿ.

ಕೆಲವು ವಿಶ್ವವಿದ್ಯಾಲಯಗಳು ಪದವಿ ತರಗತಿಯನ್ನು ತಮ್ಮಲ್ಲೇ ಓದಿದವರನ್ನು ಮಾತ್ರ ಸಂದರ್ಶಕರಾಗಿ ಸೇರಿಸಿಕೊಳ್ಳುತ್ತವೆ. ಪತ್ರ ನಿಮ್ಮ ವಿಶ್ವವಿದ್ಯಾಲಯದಿಂದಲೇ ಬಂದಿರುವ ಕಾರಣ ನಿಮಗೆ ಆ ತೊಡಕು ಇರಲಾರದು. ಮುಂಚಿತ ಅರ್ಜಿಗಳ ಗಡುವು ಹೆಚ್ಚಿನ ಕಡೆ ನವೆಂಬರ್ 1, ಸಂದರ್ಶನಗಳು ಅದರ ಬೆನ್ನಿಗೇ ಶುರುವಾಗುತ್ತವೆ. ಆದ್ದರಿಂದ ಒಪ್ಪಿಗೆಯನ್ನು ಈ ವಾರವೇ ಬರೆದು, ತರಬೇತಿ ಯಾವಾಗ ಎಂದು ಕೇಳಿ, ಮೊದಲ ವರ್ಷಕ್ಕೆ ಎರಡು ಮೂರು ಮಕ್ಕಳನ್ನು ಮಾತ್ರ ಕೊಡಿ ಎಂದು ತಿಳಿಸಿ.